ವೈರಿಂಗ್ ಗುತ್ತಿಗೆದಾರರೊಬ್ಬರು ಲೆಕ್ಕದ ಸಾಧನ ಆರಿಸಿಕೊಂಡ ಬಗೆ: ಒಂದು ಪ್ರಕರಣ ಅಧ್ಯಯನ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ವಿದ್ಯುತ್ ವೈರಿಂಗ್ ಗುತ್ತಿಗೆ ಹಿಡಿಯುವ ಒಬ್ಬರ ಲೆಕ್ಕಪತ್ರ 2022-23 ಮತ್ತು 2023-24ರ ಹಣಕಾಸು ವರ್ಷಗಳಲ್ಲಿ ಹೇಗೆ ದಾರಿಗೆ ಬಂತು ಎಂಬುದರ ವಿವರ ಇದು. ಸಣ್ಣ ಗುತ್ತಿಗೆದಾರರ ತೆರಿಗೆ ಮತ್ತು ಲೆಕ್ಕ ನೋಡಿಕೊಳ್ಳುವುದು ನನ್ನ ವೃತ್ತಿ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ, ಮೊತ್ತಗಳನ್ನು ಲೆಕ್ಕ ಅರ್ಥವಾಗುವಂತೆ ದುಂಡಾಗಿಸಿದ್ದೇನೆ. ಇಲ್ಲಿ ಬರುವ ಆದಾಯ ತೆರಿಗೆ ಸೆಕ್ಷನ್‌ಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ ಇವೆ ಎಂಬುದನ್ನು ಓದುವವರು ಗಮನದಲ್ಲಿಟ್ಟುಕೊಳ್ಳಬೇಕು.

ಹಿನ್ನೆಲೆ

ಗುತ್ತಿಗೆದಾರರಿಗೆ ನಲವತ್ತರ ಆಸುಪಾಸು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿ, ಹಲವು ವರ್ಷ ಬೇರೊಬ್ಬರ ಕೈಕೆಳಗೆ ದುಡಿದು, ಆಮೇಲೆ ಸ್ವಂತ ಪರವಾನಗಿ ಪಡೆದು ಹೊರಬಂದವರು. ಸ್ಲ್ಯಾಬ್ ಹಾಕುವ ಮುನ್ನ ಪೈಪ್ ಕೂರಿಸುವುದರಿಂದ ಹಿಡಿದು ಕೊನೆಗೆ ಡಿಬಿ (ವಿದ್ಯುತ್ ಹಂಚುವ ಪೆಟ್ಟಿಗೆ) ಜೋಡಿಸಿ ಮೀಟರ್‌ಗೆ ಅರ್ಜಿ ಹಾಕುವವರೆಗೆ ಎಲ್ಲವನ್ನೂ ತಾವೇ ಬಲ್ಲವರು. ಏಳೆಂಟು ಜನ ಕೆಲಸಗಾರರಿದ್ದಾರೆ. ಒಂದೇ ಸಮಯಕ್ಕೆ ನಾಲ್ಕೈದು ಸೈಟ್ ನಡೆಯುತ್ತಿರುತ್ತವೆ. ಪತ್ನಿ ಪಿಯುಸಿಯಲ್ಲಿ ವಾಣಿಜ್ಯ ಓದಿದವರು. ಆಗ ಮನೆಯನ್ನೂ ಇಬ್ಬರು ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದರು.

ಅವರು ಹಿಡಿಯುವ ಕೆಲಸ ಮೂರು ಬಗೆಯದು. ಮೊದಲನೆಯದು ಹೊಸ ಮನೆಗಳ ವೈರಿಂಗ್. ಸಾಮಾನನ್ನು ಮನೆಯವರೇ ತಂದುಕೊಡುತ್ತಾರೆ, ಇವರಿಗೆ ಪಾಯಿಂಟಿಗೆ ಇಷ್ಟು ಎಂದು ಕೂಲಿ. ಎರಡನೆಯದು ಬಿಲ್ಡರ್‌ಗಳ ವಾಣಿಜ್ಯ ಸಂಕೀರ್ಣಗಳು. ಅಲ್ಲಿ ಸಾಮಾನು, ಕೂಲಿ ಎರಡೂ ಇವರದೇ. ಮೂರನೆಯದು ಆಗೀಗ ಸಿಗುವ ಸರ್ಕಾರಿ ಕಟ್ಟಡದ ಕೆಲಸ. ಆ ವರ್ಷ ಒಂದು ವಿದ್ಯಾರ್ಥಿನಿಲಯದ ಕೆಲಸ ಇತ್ತು.

ಕೈಯಲ್ಲಿ ಟೆಸ್ಟರ್ ಹಿಡಿದವರಿಗೆ ಮೂರೂ ಒಂದೇ ಕೆಲಸ. ಲೆಕ್ಕ ಬರೆಯುವವರಿಗೆ ಹಾಗಲ್ಲ. ವಸತಿ ಸಮುಚ್ಚಯದ ಭಾಗವಾಗಿರದ ಬಿಡಿ ಮನೆಯನ್ನು ಹೊಸದಾಗಿ ಕಟ್ಟುವಾಗ ಬರೀ ಕೂಲಿಗೆ ಮಾಡಿದ ಕೆಲಸಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಸಾಮಾನು ಸಮೇತ ಮಾಡಿದರೆ ಅದು ಕಾಮಗಾರಿ ಗುತ್ತಿಗೆ, ಸಾಮಾನ್ಯವಾಗಿ ಶೇ. 18 ತೆರಿಗೆ. ಬಿಲ್ಡರ್ ಹಣ ಕೊಡುವಾಗ ಸೆಕ್ಷನ್ 194ಸಿ ಪ್ರಕಾರ ಶೇ. 1 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, ಜೊತೆಗೆ ಶೇ. 5ನ್ನು ಕೆಲಸ ಮುಗಿದು ಒಂದು ವರ್ಷವಾಗುವವರೆಗೆ ತಡೆಹಿಡಿಯುತ್ತಾರೆ. ಸರ್ಕಾರಿ ಇಲಾಖೆಯಾದರೆ, ಗುತ್ತಿಗೆ ಮೊತ್ತ ಎರಡೂವರೆ ಲಕ್ಷ ದಾಟಿದಾಗ, ಆದಾಯ ತೆರಿಗೆಯ ಟಿಡಿಎಸ್ ಅಲ್ಲದೆ ಜಿಎಸ್‌ಟಿಯ ಲೆಕ್ಕದಲ್ಲಿಯೂ ಶೇ. 2 ಹಿಡಿಯುತ್ತದೆ. ಸಣ್ಣ ಅಂಗಡಿಯ ಲೆಕ್ಕಕ್ಕೂ ಸಣ್ಣ ಗುತ್ತಿಗೆದಾರರ ಲೆಕ್ಕಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು: ಗುತ್ತಿಗೆದಾರರ ಕೈಗೆ ಬರುವ ಹಣ ಎಂದೂ ಬಿಲ್ಲಿನಲ್ಲಿರುವ ಹಣವಾಗಿರುವುದಿಲ್ಲ.

ಸಮಸ್ಯೆ

2022ರ ಮಧ್ಯಭಾಗದಲ್ಲಿ ವರ್ಷದ ವಹಿವಾಟು ಇಪ್ಪತ್ತು ಲಕ್ಷ ದಾಟುವುದು ಖಚಿತವಾಗಿ ಅವರು ಜಿಎಸ್‌ಟಿ ನೋಂದಣಿ ಮಾಡಿಸಿದರು. ವಿನಾಯಿತಿ ಇರುವ ಕೂಲಿ ಕೆಲಸದ ಹಣವೂ ಆ ಇಪ್ಪತ್ತು ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಅನೇಕರು ಎಡವುವುದು ಅಲ್ಲೇ, ಇವರು ಸದ್ಯ ಎಡವಲಿಲ್ಲ. ಮರುವರ್ಷ ಜುಲೈನಲ್ಲಿ ಸಾಮಾನು ಸಾಗಿಸಲು ಪಿಕಪ್ ವಾಹನ ಕೊಳ್ಳಬೇಕೆಂದು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದರು. ಬ್ಯಾಂಕಿನವರು ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ರಿಟರ್ನ್ ಮತ್ತು 26ಎಎಸ್ (ಇವರ ಹೆಸರಿನಲ್ಲಿ ಹಿಡಿದ ಟಿಡಿಎಸ್ ತೋರಿಸುವ ಪಟ್ಟಿ) ಕೇಳಿದರು. ರಿಟರ್ನ್ ಇನ್ನೂ ಸಲ್ಲಿಸಿರಲಿಲ್ಲ. ಅದನ್ನು ಸಿದ್ಧಪಡಿಸಲೆಂದು ನನ್ನ ಬಳಿ ಬಂದಾಗ, ಒಂದೇ ವರ್ಷದ ಗಳಿಕೆಗೆ ಡೈರಿ ಒಂದು ಮೊತ್ತ ಹೇಳುತ್ತಿತ್ತು, ಜಿಎಸ್‌ಟಿ ರಿಟರ್ನ್ ಇನ್ನೊಂದು, 26ಎಎಸ್ ಮತ್ತೊಂದು.

ಡೈರಿಯ ಒಂದು ಸಾಲನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. ‘ಕಾಂಪ್ಲೆಕ್ಸ್, 1,12,000 ಬಂತು’ ಎಂದಷ್ಟೇ ಅದರಲ್ಲಿತ್ತು. ಆ ಹಂತಕ್ಕೆ ಅವರು ಕೊಟ್ಟಿದ್ದ ಬಿಲ್ ತೆಗೆದು ನೋಡಿದರೆ ಕೆಲಸದ ಮೊತ್ತ 1,00,000, ಜಿಎಸ್‌ಟಿ 18,000, ಒಟ್ಟು 1,18,000 ರೂಪಾಯಿ. ಅದರಲ್ಲಿ ಬಿಲ್ಡರ್ ಟಿಡಿಎಸ್ ಎಂದು 1,000, ತಡೆಹಿಡಿದ ಹಣವೆಂದು 5,000 ಕಳೆದು ಉಳಿದದ್ದನ್ನು ಬ್ಯಾಂಕಿಗೆ ಹಾಕಿದ್ದರು. ಅಂದರೆ ಡೈರಿಯ ಆ ಒಂದು ಅಂಕಿಯಲ್ಲಿ ಸರ್ಕಾರಕ್ಕೆ ಸೇರಬೇಕಾದ 18,000 ತಮ್ಮ ಗಳಿಕೆಯಾಗಿ ಕೂತಿತ್ತು. ತಮಗೆ ಸೇರಬೇಕಾದ 6,000 ಎಲ್ಲಿಯೂ ಇರಲಿಲ್ಲ. ಟಿಡಿಎಸ್‌ನ 1,000 ರಿಟರ್ನ್‌ನಲ್ಲಿ ಕೇಳಿದರೆ ಸಿಗುವಂಥದು, ಕೇಳದಿದ್ದರೆ ಇಲ್ಲ. ತಡೆಹಿಡಿದ 5,000 ಒಂದು ವರ್ಷದ ನಂತರ ನೆನಪಿಟ್ಟು ಕೇಳಬೇಕಾದದ್ದು. ವರ್ಷವಿಡೀ ಇಂಥ ಸಾಲುಗಳೇ ತುಂಬಿದ್ದವು.

ಇದು ತೆರಿಗೆಯ ಕಡೆಯ ತೊಡಕು. ಅವರನ್ನು ಹೆಚ್ಚು ಕಾಡುತ್ತಿದ್ದದ್ದು ಬೇರೆ. ‘ಕೆಲಸಕ್ಕೆ ಬರವಿಲ್ಲ ಸರ್, ಶನಿವಾರ ಬಟವಾಡೆ ಮಾಡುವಾಗ ಮಾತ್ರ ಕೈ ಖಾಲಿ ಇರುತ್ತದೆ’ ಎಂದರು. ಯಾವ ಸೈಟಿನಲ್ಲಿ ಹಣ ಉಳಿಯುತ್ತಿದೆ, ಯಾವುದರಲ್ಲಿ ಸೋರುತ್ತಿದೆ ಎಂದು ಕೇಳಿದೆ. ಉತ್ತರ ಇರಲಿಲ್ಲ. ಊಹೆ ಇತ್ತು: ದೊಡ್ಡ ಸಂಕೀರ್ಣದಿಂದಲೇ ಮನೆ ನಡೆಯುತ್ತಿದೆ, ಬಿಡಿ ಮನೆಗಳ ಕೂಲಿ ಕೆಲಸ ಬರೀ ಪರಿಚಯ ಉಳಿಸಿಕೊಳ್ಳಲು.

ಅದುವರೆಗೆ ಬಳಸಿದ ಸಾಧನಗಳು

ಮೊದಲಿಗೆ ಕಿಸೆ ಡೈರಿಯ ಜೊತೆ ಮೊಬೈಲಿನಲ್ಲಿ ಸಾಲ-ಜಮೆ ಬರೆಯುವ ಒಂದು ಆ್ಯಪ್ ಇತ್ತು. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದನ್ನು ಅದು ಚೆನ್ನಾಗಿ ಹೇಳುತ್ತಿತ್ತು. ಕಿರಾಣಿ ಅಂಗಡಿಗೆ ಅಷ್ಟು ಸಾಕು. ಸೈಟಿಗೆ ಏನು ತಗುಲಿತು ಎಂಬುದನ್ನು ಅದು ಹೇಳುವಂತಿರಲಿಲ್ಲ, ಆ ಕೆಲಸಕ್ಕೆಂದು ಮಾಡಿದ್ದೂ ಅಲ್ಲ.

ಜಿಎಸ್‌ಟಿ ನೋಂದಣಿಯಾದ ಮೇಲೆ ನೆಂಟರೊಬ್ಬರ ಸಲಹೆಯಂತೆ ಕಂಪ್ಯೂಟರ್ ಕೊಂಡು ಅದರಲ್ಲಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಹಾಕಿಸಿದರು. ತಿಂಗಳಿಗೊಮ್ಮೆ ಒಬ್ಬ ಅಕೌಂಟೆಂಟ್ ಬಂದು ನಮೂದು ಮಾಡಿ ಹೋಗುತ್ತಿದ್ದರು. ಪ್ಲಾಸ್ಟಿಕ್ ಕೈಚೀಲವೊಂದರಲ್ಲಿ ತಿಂಗಳ ಬಿಲ್ಲುಗಳೆಲ್ಲ ಸೇರುತ್ತಿದ್ದವು. ಆ ಚೀಲವನ್ನು ನಾನು ನೋಡಿದ್ದೇನೆ. ಹಾರ್ಡ್‌ವೇರ್ ಅಂಗಡಿಯ ಬಿಲ್ ಯಂತ್ರದ ನುಣುಪು ಕಾಗದಗಳು ಬೈಕಿನ ಡಿಕ್ಕಿಯ ಬಿಸಿಗೆ ಬೂದುಗಪ್ಪಾಗಿದ್ದವು. ಕೆಲವು ಪೂರ್ತಿ ಬಿಳಿಚಿಕೊಂಡು ಅಂಗಡಿಯ ಹೆಸರೂ ಕಾಣುತ್ತಿರಲಿಲ್ಲ. ಓದಲು ಬರುವ ಬಿಲ್ಲುಗಳಲ್ಲಿ ‘2.5 ಎಂಎಂ ವೈರ್ 90 ಮೀಟರ್, 4 ಕಾಯಿಲ್’ ಎಂದಿರುತ್ತಿತ್ತು. ಆ ನಾಲ್ಕು ಕಾಯಿಲ್ ಯಾವ ಸೈಟಿಗೆ ಹೋದವು ಎಂದು ತಿಂಗಳಾದ ಮೇಲೆ ಹೇಳಬಲ್ಲವರು ಯಾರೂ ಇರಲಿಲ್ಲ. ಟ್ಯಾಲಿಯಲ್ಲಿ ಕಾಸ್ಟ್ ಸೆಂಟರ್ ಎಂಬ ಸೌಲಭ್ಯ ಇದೆ, ಪ್ರತಿ ಸೈಟಿಗೂ ಒಂದೊಂದು ತೆರೆದು ಖರ್ಚು ಹಂಚಬಹುದು. ಅಕೌಂಟೆಂಟ್‌ಗೆ ಅದು ಗೊತ್ತಿತ್ತು. ಹಂಚಲು ಬೇಕಾದ ಮಾಹಿತಿಯೇ ಅವರ ಮೇಜಿಗೆ ಬರುತ್ತಿರಲಿಲ್ಲ.

ಇನ್ನೊಂದು ನಷ್ಟವೂ ಆ ಚೀಲದಲ್ಲೇ ಇತ್ತು. ಬಹುಪಾಲು ಬಿಲ್ಲುಗಳ ಮೇಲೆ ಇವರ ಜಿಎಸ್‌ಟಿ ಸಂಖ್ಯೆ ಇರಲಿಲ್ಲ. ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ, ಇವರೂ ಕೊಟ್ಟಿರಲಿಲ್ಲ. 11,800 ರೂಪಾಯಿಯ ಬಿಲ್ಲಿನಲ್ಲಿ 1,800 ತೆರಿಗೆ. ಅದು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು, ಸಿಗಬೇಕಾದರೆ ಅಂಗಡಿಯವರು ಆ ಬಿಲ್ಲನ್ನು ಇವರ ಸಂಖ್ಯೆಗೆ ಹಾಕಬೇಕು, ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸಬೇಕು, ಅದು ಇವರಿಗೆ ಸಿಗುವ ಕ್ರೆಡಿಟ್‌ನ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಳ್ಳಬೇಕು. 2022ರ ಜನವರಿ 1ರಿಂದ ಈ ನಿಯಮ ಬಿಗಿಯಾಗಿದೆ. ಕಾಗದ ಕೈಯಲ್ಲಿದ್ದ ಮಾತ್ರಕ್ಕೆ ಕ್ರೆಡಿಟ್ ಬರುವುದಿಲ್ಲ.

ಒಂದು ವಾರದ ಕಾಗದಗಳ ಪರೀಕ್ಷೆ

ಹೊಸ ತಂತ್ರಾಂಶ ಯಾವುದು ಒಳ್ಳೆಯದು ಎಂಬ ಪ್ರಶ್ನೆಯೊಂದಿಗೇ ಅವರು ಬಂದಿದ್ದರು. ಪರಿಚಯದ ಇನ್ನೊಬ್ಬ ಗುತ್ತಿಗೆದಾರರು ಚಂದಾ ಕಟ್ಟಿ ಆನ್‌ಲೈನಿನಲ್ಲಿ ಬಳಸುವ ತಂತ್ರಾಂಶವೊಂದನ್ನು ತೋರಿಸಿದ್ದರು. ಮೊಬೈಲಿನಲ್ಲೇ ಬಿಲ್ ಮಾಡಬಹುದು, ಸೈಟ್‌ವಾರು ಲೆಕ್ಕ ಸಿಗುತ್ತದೆ, ನೋಡಲೂ ಅಚ್ಚುಕಟ್ಟು. ಇವರ ಮನಸ್ಸು ಅದರ ಮೇಲಿತ್ತು.

ಯಾವುದೇ ಸಾಧನದ ಗುಣಗಳ ಪಟ್ಟಿ ಓದಿ ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ. ಪಟ್ಟಿಯಲ್ಲಿ ಎಲ್ಲವೂ ಇರುತ್ತದೆ. ಆಗಸ್ಟಿನ ಒಂದು ವಾರದ ನಿಜವಾದ ಕಾಗದಗಳನ್ನು ಒಂದೂ ಬಿಡದೆ ತೆಗೆದಿಡಿ, ಅವನ್ನೇ ಪ್ರತಿ ಸಾಧನದಲ್ಲಿಯೂ ಬರೆದು ನೋಡೋಣ ಎಂದೆ. ಬರೆಯಬೇಕಾದವರು ನಾನಲ್ಲ, ಅಕೌಂಟೆಂಟ್ ಅಲ್ಲ, ದಿನವೂ ಬರೆಯಲಿರುವವರೇ ಎಂಬುದು ಷರತ್ತು. ಆಗ ಎದ್ದ ಪ್ರಶ್ನೆ: ದಿನವೂ ಬರೆಯುವವರು ಯಾರು? ಗುತ್ತಿಗೆದಾರರು ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ರಾತ್ರಿ ಎಂಟಕ್ಕೆ ಬರುವವರು. ಊಟವಾದ ಮೇಲೆ ನಾಳೆಯ ಸಾಮಾನಿಗೆ ಫೋನ್ ಶುರುವಾಗುತ್ತದೆ. ಅವರಿಂದ ಆಗದು ಎಂದು ಅವರಿಗೂ ಗೊತ್ತಿತ್ತು. ಒಳಗಿನಿಂದ ಪತ್ನಿ ‘ನಾನು ಬರೆಯುತ್ತೇನೆ, ಮಕ್ಕಳು ಓದಲು ಕೂತಾಗ ನನಗೂ ಒಂದು ಗಂಟೆ ಸಿಗುತ್ತದೆ’ ಎಂದರು. ಈ ಪ್ರಕರಣ ತಿರುಗಿದ್ದು ಅಲ್ಲಿ. ಅದುವರೆಗಿನ ಎಲ್ಲ ಆಯ್ಕೆಗಳೂ ಗುತ್ತಿಗೆದಾರರನ್ನೋ ಅಕೌಂಟೆಂಟ್‌ರನ್ನೋ ಮನಸ್ಸಿನಲ್ಲಿಟ್ಟುಕೊಂಡು ನಡೆದಿದ್ದವು.

ಆ ವಾರದಲ್ಲಿ ಏನೇನಿತ್ತು ಎಂದರೆ: ಬಿಲ್ಡರ್‌ನಿಂದ ಕಡಿತವಾಗಿ ಬಂದ ಒಂದು ಹಂತದ ಹಣ. ಎರಡು ಸೈಟಿಗೆ ಸೇರಿಸಿ ತಂದ ಸಾಮಾನಿಗೆ ಒಂದೇ ಉದ್ರಿ ಬಿಲ್. ಹಿಂದಿನ ವಾರ ಹೆಚ್ಚಾಗಿ ಉಳಿದು ಅಂಗಡಿಗೆ ಮರಳಿಸಿದ ಒಂದು ಕಾಯಿಲ್. ಶನಿವಾರದ ಬಟವಾಡೆ, ಅದರಲ್ಲಿ ಇಬ್ಬರಿಗೆ ಮುಂಗಡ ವಜಾ. ಪೆಟ್ರೋಲ್, ಚಹಾ, ಡ್ರಿಲ್ ಬಿಟ್ ಎಂದು ಹೋದ ಚಿಲ್ಲರೆ ನಗದು. ಮನೆ ಕಟ್ಟಿಸುವವರೊಬ್ಬರು ಇವರ ಸ್ವಂತ ಖಾತೆಗೆ ಯುಪಿಐ ಮೂಲಕ ಹಾಕಿದ ಕೂಲಿ ಹಣ, ಅದೇ ದಿನ ಅದೇ ಖಾತೆಯಿಂದ ಹೋದ ಮಗಳ ಶಾಲೆಯ ಶುಲ್ಕ.

ಸಾಲ-ಜಮೆ ಆ್ಯಪ್‌ನಲ್ಲಿ ಎಲ್ಲವೂ ಬೇಗ ಬರೆದಾಯಿತು. ಬಿಲ್ಡರ್‌ನ ಹಣ ಮಾತ್ರ ಡೈರಿಯಲ್ಲಿದ್ದಂತೆಯೇ ಒಂದೇ ಅಂಕಿಯಾಗಿ ನಿಂತಿತು. ಟ್ಯಾಲಿಯಲ್ಲಿ ಒಂದೊಂದನ್ನೂ ಸರಿಯಾಗಿ ಕೂರಿಸಲು ಜಾಗವಿತ್ತು. ಆದರೆ ಯಾವ ವೋಚರ್, ಯಾವ ಲೆಡ್ಜರ್ ಎಂದು ತಿಳಿಯಲು ತರಬೇತಿ ಬೇಕು, ಕಂಪ್ಯೂಟರ್ ಇದ್ದದ್ದು ಮನೆಯಿಂದ ದೂರದ ಗೋದಾಮಿನಲ್ಲಿ. ಆನ್‌ಲೈನ್ ತಂತ್ರಾಂಶದಲ್ಲಿ ಬಿಲ್ಡರ್‌ನ ಬಿಲ್ ಮತ್ತು ಟಿಡಿಎಸ್ ಸಲೀಸಾಗಿ ಕೂತವು. ಎರಡು ಸೈಟಿನ ಒಂದೇ ಬಿಲ್ ಬಂದಾಗ ಪ್ರತಿ ಸಾಲಿಗೂ ಸೈಟ್ ಆರಿಸಬೇಕಾಯಿತು. ಬಟವಾಡೆಗೆ ಬಂದಾಗ ಪತ್ನಿ ಫೋನ್ ಕೆಳಗಿಟ್ಟು, ‘ಇದರಲ್ಲಿ ಬರೆಯುವುದಕ್ಕಿಂತ ಆರಿಸುವುದೇ ಹೆಚ್ಚು. ದಿನವೂ ಇಷ್ಟು ಆರಿಸಲು ನನ್ನಿಂದ ಆಗುವುದಿಲ್ಲ ರೀ’ ಎಂದರು. ಗುತ್ತಿಗೆದಾರರು ರೂಢಿಯಾದರೆ ಸರಿಹೋಗುತ್ತದೆ ಎಂದು ವಾದಿಸಿದರು. ಹಿಂದಿನ ಎರಡು ಸಾಧನಗಳನ್ನು ತಂದಾಗಲೂ ಅವರು ಹಾಗೆಯೇ ಹೇಳಿದ್ದರೆಂದು ಪತ್ನಿ ನೆನಪಿಸಿದರು.

ಕೊನೆಗೆ ನಿಂತದ್ದು ಎರಡು ಸಾಧನಗಳ ಜೋಡಿ. ದಿನದ ನಮೂದಿಗೆ ಮೊಬೈಲಿನಲ್ಲಿ ಗೂಗಲ್ ಶೀಟ್ಸ್, ತೆರಿಗೆಯ ಪುಸ್ತಕಕ್ಕೆ ಮೊದಲಿನ ಟ್ಯಾಲಿಯೇ. ಟ್ಯಾಲಿಯನ್ನು ಬಿಡದಿರಲು ಒಂದು ಗಟ್ಟಿ ಕಾರಣ ಇತ್ತು: ನಮ್ಮ ಕಡೆ ಅದನ್ನು ಬಲ್ಲವರು ಪ್ರತಿ ಊರಿನಲ್ಲಿಯೂ ಇದ್ದಾರೆ, ಒಬ್ಬ ಅಕೌಂಟೆಂಟ್ ಬಿಟ್ಟುಹೋದರೆ ಲೆಕ್ಕ ನಿಲ್ಲುವುದಿಲ್ಲ.

ಶೀಟಿನ ಮೊದಲ ಪುಟ ದಿನವಹಿ, ಪೂರ್ತಿ ಕನ್ನಡದಲ್ಲಿ: ದಿನಾಂಕ, ಸೈಟ್, ಯಾರಿಗೆ ಅಥವಾ ಯಾರಿಂದ, ಯಾವುದಕ್ಕೆ, ಮೊತ್ತ, ನಗದೋ ಬ್ಯಾಂಕೋ, ಬಿಲ್ ಇದೆಯೋ ಇಲ್ಲವೋ. ಎರಡನೆಯ ಪುಟ ಬಿಲ್ಲುಗಳದು. ಕೆಲಸದ ಮೊತ್ತ, ಜಿಎಸ್‌ಟಿ, ಹಿಡಿದ ಟಿಡಿಎಸ್, ತಡೆಹಿಡಿದ ಹಣ, ಬ್ಯಾಂಕಿಗೆ ಬಂದದ್ದು ಎಂದು ಬೇರೆ ಬೇರೆ ಅಂಕಣ, ಕೊನೆಯಲ್ಲಿ ತಡೆಹಿಡಿದ ಹಣ ಬಿಡುಗಡೆಯಾಗಬೇಕಾದ ದಿನ. ಮೂರನೆಯದು ಹಾಜರಿ. ಅರ್ಧ ದಿನ ಒಂದು ಸೈಟ್, ಅರ್ಧ ದಿನ ಇನ್ನೊಂದು ಎಂದಾದರೆ ಹಾಗೆಯೇ ಬರೆಯಬೇಕು.

ಇದರ ಜೊತೆಗೆ ಸಾಧನಕ್ಕೆ ಸೇರದ ಎರಡು ಬದಲಾವಣೆಗಳನ್ನು ಮಾಡಿಸಿದೆ. ನನ್ನ ಅನುಭವದಲ್ಲಿ ಇವಿಲ್ಲದೆ ಯಾವ ತಂತ್ರಾಂಶವೂ ಉಪಯೋಗಕ್ಕೆ ಬರುವುದಿಲ್ಲ. ವ್ಯವಹಾರಕ್ಕೆಂದೇ ಚಾಲ್ತಿ ಖಾತೆ ತೆರೆದು, ಗ್ರಾಹಕರಿಗೆ ಅದರ ಯುಪಿಐ ಕ್ಯೂಆರ್ ಮಾತ್ರ ತೋರಿಸುವುದು. ಸಾಮಾನು ತರುವ ಹುಡುಗನ ಕೈಗೆ 29ರಿಂದ ಶುರುವಾಗುವ ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಬರೆದ ಚೀಟಿ ಕೊಟ್ಟು, ಬಿಲ್ ಆದ ಕೂಡಲೇ ಅದರ ಮೇಲೆ ಬಾಲ್‌ಪೆನ್ನಿನಿಂದ ಸೈಟಿನ ಹೆಸರು ಬರೆದು, ಅಂಗಡಿ ಬಿಡುವ ಮುನ್ನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಸುವುದು.

ಈ ಹಂತದಲ್ಲಿ ಗುತ್ತಿಗೆದಾರರು ತೆಗೆದ ಆಕ್ಷೇಪವನ್ನು ಬಹಳ ಜನ ತೆಗೆಯುತ್ತಾರೆ. ‘44ಎಡಿಯಲ್ಲಿ ಆರು ಪರ್ಸೆಂಟ್ ಲಾಭ ತೋರಿಸಿದರೆ ಪುಸ್ತಕವೇ ಬೇಡವಲ್ಲ ಸರ್, ಇಷ್ಟೆಲ್ಲ ಏಕೆ?’ 44ಎಡಿ ಎಂದರೆ ಸಣ್ಣ ವ್ಯವಹಾರಗಳು ವಹಿವಾಟಿನ ಇಂತಿಷ್ಟು ಪಾಲನ್ನು ಲಾಭವೆಂದು ಘೋಷಿಸಲು ಬಿಡುವ ಆದಾಯ ತೆರಿಗೆ ಸೆಕ್ಷನ್. ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇ. 6, ನಗದಿಗೆ ಶೇ. 8 ಲಾಭ ಘೋಷಿಸಿದರೆ ಆದಾಯ ತೆರಿಗೆಯ ಮಟ್ಟಿಗೆ ಅವರ ಮಾತು ಸರಿ. ಆದರೆ ಆ ಶೇಕಡಾವಾರು ಯಾವ ಮೊತ್ತದ ಮೇಲೆ ಎಂಬುದಕ್ಕೇ ಅವರಲ್ಲಿ ಮೂರು ಉತ್ತರಗಳಿದ್ದವು. ಜಿಎಸ್‌ಟಿ ಕಾಯ್ದೆಯಲ್ಲಿ ನೋಂದಾಯಿತರು ಲೆಕ್ಕ ಇಡಲೇಬೇಕು, 44ಎಡಿಯ ರಿಯಾಯಿತಿ ಅಲ್ಲಿ ನಡೆಯುವುದಿಲ್ಲ. ಇವೆರಡನ್ನೂ ಹೇಳಿದೆ. ಅವರು ಒಪ್ಪಿದ್ದು ಮಾತ್ರ ಸಂಕೀರ್ಣದ ಸೈಟಿನಲ್ಲಿ ಏನಾಗುತ್ತಿದೆ ಎಂದು ತಿಳಿಯುವ ಆಸೆಗೆ.

ಹಬ್ಬದ ತಿಂಗಳಿನ ಹಿನ್ನಡೆ

ಸೆಪ್ಟೆಂಬರ್ ಚೆನ್ನಾಗಿ ನಡೆಯಿತು. ಅಕ್ಟೋಬರಿನಲ್ಲಿ ದಸರಾ, ಅದರ ಬೆನ್ನಿಗೇ ದೀಪಾವಳಿ. ಕೆಲಸಗಾರರು ಊರಿಗೆ ಹೊರಡುವ ಮುನ್ನ ಮುಂಗಡ ಕೇಳುತ್ತಾರೆ, ಮನೆಯವರು ಗೃಹಪ್ರವೇಶಕ್ಕೆ ಮುನ್ನ ಕೆಲಸ ಮುಗಿಸಿ ಎಂದು ಬೆನ್ನು ಹತ್ತುತ್ತಾರೆ. ಗುಂಪಿಗೆ ಬರುವ ಫೋಟೊಗಳಲ್ಲಿ ಸೈಟಿನ ಹೆಸರು ಮಾಯವಾಯಿತು. ಪತ್ನಿ ರಾತ್ರಿ ಕೇಳಿದರೆ ‘ಆಮೇಲೆ ಹೇಳುತ್ತೇನೆ’ ಎಂಬ ಉತ್ತರ. ಎರಡು ವಾರ ಅವರು ಬರೆಯುವುದನ್ನೇ ನಿಲ್ಲಿಸಿದರು. ಸಾಮಾನ್ಯವಾಗಿ ಇಂಥ ಏರ್ಪಾಡುಗಳು ಸಾಯುವುದು ಇಲ್ಲೇ. ನಿಂತ ನಮೂದನ್ನು ಹಿಂದಿನಿಂದ ತುಂಬಲು ಹೋಗಿ ಊಹೆಗಳು ಲೆಕ್ಕದೊಳಗೆ ಬರುತ್ತವೆ, ಆಮೇಲೆ ಆ ಲೆಕ್ಕವನ್ನು ಬರೆದವರೇ ನಂಬುವುದಿಲ್ಲ.

ಅದನ್ನು ಉಳಿಸಿದ್ದು ಪತ್ನಿಯ ಒಂದು ಉಪಾಯ. ಸೈಟುಗಳ ಪಟ್ಟಿಗೆ ‘ಗೊತ್ತಿಲ್ಲ’ ಎಂಬ ಹೊಸ ಸೈಟನ್ನು ಸೇರಿಸಿದರು. ಹೆಸರಿಲ್ಲದ ಪ್ರತಿ ಬಿಲ್ಲೂ, ಲೆಕ್ಕ ಸಿಗದ ಪ್ರತಿ ನಗದೂ ಅಲ್ಲಿಗೆ. ಯಾರನ್ನೂ ಕೇಳುವುದಿಲ್ಲ, ಊಹಿಸುವುದಿಲ್ಲ, ನಮೂದು ನಿಲ್ಲುವುದಿಲ್ಲ. ಶನಿವಾರ ಬಟವಾಡೆಗೆ ಮುನ್ನ ‘ಗೊತ್ತಿಲ್ಲ’ ಸೈಟಿನ ಮೊತ್ತವನ್ನು ಗುಂಪಿನಲ್ಲಿ ಹಾಕುತ್ತಿದ್ದರು. ಮೊದಲ ಶನಿವಾರ ಆ ಸೈಟಿನ ಖರ್ಚು ನಿಜವಾದ ಎರಡು ಸೈಟುಗಳ ಖರ್ಚಿಗಿಂತ ಹೆಚ್ಚಿತ್ತು. ತಮ್ಮದೇ ಹಣಕ್ಕೆ ವಿಳಾಸವಿಲ್ಲ ಎಂಬುದನ್ನು ಕಣ್ಣಾರೆ ಕಂಡಾಗ ಗುತ್ತಿಗೆದಾರರು ಬಾಲ್‌ಪೆನ್ನನ್ನು ಮತ್ತೆ ಕಿಸೆಗೆ ಸಿಕ್ಕಿಸಿಕೊಂಡರು. ಡಿಸೆಂಬರಿನ ಹೊತ್ತಿಗೆ ಆ ಸೈಟಿನಲ್ಲಿ ಚಹಾ, ಪೆಟ್ರೋಲಿನಂಥ ಚಿಲ್ಲರೆ ಮಾತ್ರ ಉಳಿದಿತ್ತು. ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಸಸ್ಪೆನ್ಸ್ ಖಾತೆ ಎಂಬ ಹೆಸರಿದೆ. ಹಾಗೆಂದು ಯಾರೂ ಪತ್ನಿಗೆ ಹೇಳಿಕೊಟ್ಟಿರಲಿಲ್ಲ. ನಾನು ಈಗ ಪ್ರತಿ ಸಣ್ಣ ಗುತ್ತಿಗೆದಾರರ ಶೀಟಿನಲ್ಲಿಯೂ ಆ ಹೆಸರಿನ ಸೈಟನ್ನು ಮೊದಲೇ ಹಾಕಿಕೊಡುತ್ತೇನೆ.

ಜನವರಿಯಲ್ಲಿ ಪತ್ನಿ ಒಂದು ಬೇಡಿಕೆ ಇಟ್ಟರು: ಹಾಜರಿ ಪುಟದಲ್ಲಿ ತಮ್ಮ ಹೆಸರೂ ಇರಬೇಕು, ತಿಂಗಳಿಗೆ ಒಂದು ಮೊತ್ತ ತಮ್ಮ ಖಾತೆಗೆ ಬರಬೇಕು. ನ್ಯಾಯವಾದ ಬೇಡಿಕೆ. ತಿಂಗಳ ಚಂದಾ ಕಟ್ಟುವ ತಂತ್ರಾಂಶದ ಬೆಲೆಯನ್ನು ಶೀಟಿನ ಬೆಲೆಯ ಜೊತೆ ಹೋಲಿಸುವವರು ಶೀಟ್ ಬಿಟ್ಟಿ ಎಂದು ಬರೆದುಕೊಳ್ಳುತ್ತಾರೆ. ದಿನಕ್ಕೆ ಒಂದು ಗಂಟೆ ಕೂತು ಅದನ್ನು ತುಂಬುವವರ ಶ್ರಮಕ್ಕೆ ಬೆಲೆ ಇಡದೆ ಮಾಡಿದ ಹೋಲಿಕೆ ಅದು. ಗುತ್ತಿಗೆದಾರರು ಒಪ್ಪಿದರು.

ಏನಾಯಿತು

ಮೊದಲು ಬಯಲಾದದ್ದು ಸಂಕೀರ್ಣದ ವಿಷಯ. ಸಾಮಾನಿನ ಖರ್ಚು ಅಂದಾಜಿನಂತೆಯೇ ಇತ್ತು. ಕೂಲಿ ಮಾತ್ರ ಅಂದಾಜನ್ನು ಬಹಳ ಮೀರಿತ್ತು. ಹಾಜರಿ ಪುಟವನ್ನು ದಿನಾಂಕದೊಂದಿಗೆ ಇಟ್ಟು ನೋಡಿದಾಗ ಎರಡು ಕಾರಣ ಕಂಡವು. ಗಾರೆ ಕೆಲಸ ಮುಗಿಯದೆ ಇವರ ಹುಡುಗರು ಸೈಟಿನಲ್ಲಿ ಸುಮ್ಮನೆ ಕಾಯ್ದ ದಿನಗಳು ಒಂದು. ನಕ್ಷೆಯಲ್ಲಿ ಇಲ್ಲದ, ಮಾತಿನಲ್ಲಿ ‘ಇಲ್ಲೊಂದು ಎಸಿ ಪಾಯಿಂಟ್, ಅಲ್ಲೊಂದು ಪ್ಲಗ್’ ಎಂದು ಹೇಳಿ ಮಾಡಿಸಿಕೊಂಡ ಹೆಚ್ಚುವರಿ ಪಾಯಿಂಟುಗಳು ಇನ್ನೊಂದು. ಊಹೆಗೆ ತದ್ವಿರುದ್ಧವಾಗಿ, ಬಿಡಿ ಮನೆಗಳ ಕೂಲಿ ಕೆಲಸದಲ್ಲೇ ಹಾಕಿದ ಹಣಕ್ಕೆ ಹೆಚ್ಚು ಉಳಿಯುತ್ತಿತ್ತು. ಅಲ್ಲಿ ಸಾಮಾನಿಗೆ ಬಂಡವಾಳ ಕಟ್ಟಬೇಕಿಲ್ಲ, ತಡೆಹಿಡಿಯುವವರಿಲ್ಲ, ಹಣವೂ ಹಂತ ಹಂತವಾಗಿ ಬರುತ್ತದೆ.

ಗುತ್ತಿಗೆದಾರರು ದಿನಾಂಕವಾರು ಪಟ್ಟಿ ಹಿಡಿದು ಬಿಲ್ಡರ್ ಬಳಿ ಹೋದರು. ಕಾಯ್ದ ದಿನಗಳಿಗೆ ಏನೂ ಸಿಗಲಿಲ್ಲ. ಹೆಚ್ಚುವರಿ ಪಾಯಿಂಟುಗಳ ಪೈಕಿ ಸೈಟ್ ಎಂಜಿನಿಯರ್ ಒಪ್ಪಿ ಸಹಿ ಹಾಕಿದಷ್ಟಕ್ಕೆ ಹಣ ಬಂತು. ಮುಂದಿನ ಗುತ್ತಿಗೆಯಲ್ಲಿ ಹೆಚ್ಚುವರಿ ಪಾಯಿಂಟಿನ ದರವನ್ನು ಮೊದಲೇ ಬರೆಸಿಕೊಂಡರು, ಸಹಿ ಇಲ್ಲದ ಪಾಯಿಂಟಿಗೆ ಗೋಡೆ ಕೊರೆಯುವುದಿಲ್ಲ ಎಂದು ಹುಡುಗರಿಗೂ ಹೇಳಿದರು.

ತೆರಿಗೆಯ ಕಡೆ ಎರಡು ಸಂಗತಿ. ವಿದ್ಯಾರ್ಥಿನಿಲಯದ ಕೆಲಸದಲ್ಲಿ ಇಲಾಖೆ ಹಿಡಿದಿದ್ದ ಶೇ. 2ರ ಹಣ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಗೇ ಬಿದ್ದಿತ್ತು. ಅದನ್ನು ಪೋರ್ಟಲ್‌ನಲ್ಲಿ ತೆರೆದು ಒಪ್ಪಿಗೆ ಕೊಟ್ಟರಷ್ಟೇ ಇವರ ನಗದು ಲೆಡ್ಜರ್‌ಗೆ ಸೇರುತ್ತದೆ. ಒಪ್ಪಿಗೆ ಕೊಟ್ಟ ಮೇಲೆ ಆ ಹಣವನ್ನು ತೆರಿಗೆ ಕಟ್ಟಲು ಬಳಸಲಾಯಿತು. ಬಿಲ್ ಪುಟದಲ್ಲಿ ಕಡಿತಕ್ಕೆ ಪ್ರತ್ಯೇಕ ಅಂಕಣ ಇಲ್ಲದಿದ್ದರೆ ಅದು ಬಾಕಿ ಇದೆ ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಎರಡನೆಯದು, ಒಂದು ಅಂಗಡಿಯ ಬಿಲ್ಲುಗಳು ಸಂಖ್ಯೆ ಕೊಟ್ಟರೂ 2ಬಿಯಲ್ಲಿ ಬರುತ್ತಿರಲಿಲ್ಲ. ದಿನವಹಿಯನ್ನು 2ಬಿಯೊಂದಿಗೆ ತಾಳೆ ನೋಡಿದಾಗ ಇದು ಸಿಕ್ಕಿತು. ಅಂಗಡಿಯವರು ಮುಂದಿನ ಬಾರಿ ತೋರಿಸುತ್ತೇವೆ ಎಂದರು, ತೋರಿಸಲಿಲ್ಲ. ಇವರು ದೊಡ್ಡ ಖರೀದಿಯನ್ನು ಬೇರೆ ಅಂಗಡಿಗೆ ಬದಲಿಸಿದರು. ದರ ಸ್ವಲ್ಪ ಹೆಚ್ಚು, ಆದರೂ ಕ್ರೆಡಿಟ್ ಸೇರಿಸಿ ಲೆಕ್ಕ ಹಾಕಿದರೆ ಅಗ್ಗ.

2023-24ರ ರಿಟರ್ನ್ ಸಿದ್ಧಪಡಿಸುವಾಗ ಶೀಟ್, ಟ್ಯಾಲಿ, ಜಿಎಸ್‌ಟಿ ರಿಟರ್ನ್ ಮೂರೂ ಕೂಡಿ ಬಂದವು. 26ಎಎಸ್‌ನಲ್ಲಿ ಒಬ್ಬ ಬಿಲ್ಡರ್ ಹಿಡಿದ ಟಿಡಿಎಸ್ ಕಾಣಿಸಲಿಲ್ಲ. ಯಾವ ದಿನದ, ಯಾವ ಬಿಲ್ಲಿನ, ಎಷ್ಟು ರೂಪಾಯಿ ಎಂದು ಬರೆದು ಕಳಿಸಿದ ಮೇಲೆ ಅವರು ತಿದ್ದುಪಡಿ ಸಲ್ಲಿಸಿದರು. ವಾಹನದ ಸಾಲವೂ ಮಂಜೂರಾಯಿತು.

ಎಲ್ಲವೂ ಸರಿಯಾಯಿತೆಂದಲ್ಲ. 2022-23ರಲ್ಲಿ ಕಳೆದುಹೋದ ಇನ್‌ಪುಟ್ ಕ್ರೆಡಿಟ್ ಬರಲಿಲ್ಲ, ಹೆಸರಿಲ್ಲದ ಬಿಲ್ಲುಗಳಿಗೆ ಅದು ಬರುವಂಥದೂ ಅಲ್ಲ. ಹಳೆಯ ಒಂದು ಕಟ್ಟಡದ ತಡೆಹಿಡಿದ ಹಣಕ್ಕೆ ಬಿಲ್ ಪ್ರತಿಯೇ ಸಿಗದೆ ಅದನ್ನು ಕೈಬಿಡಬೇಕಾಯಿತು. ಬಟವಾಡೆ ಇನ್ನೂ ಬಹುಪಾಲು ನಗದಿನಲ್ಲೇ ನಡೆಯುತ್ತದೆ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಈಗ ಇದೆ.

ಇಂಥದೇ ಸ್ಥಿತಿಯಲ್ಲಿರುವವರಿಗೆ

ಸಾಧನ ಆರಿಸುವ ಮೊದಲು ಹಣ ಕೈಬಿಡುವ ಜಾಗಗಳನ್ನು ಗುರುತಿಸಿಕೊಳ್ಳಬೇಕು. ಈ ಪ್ರಕರಣದಲ್ಲಿ ಅವು ಅಂಗಡಿಯ ಕಟ್ಟೆ, ಶನಿವಾರದ ಬಟವಾಡೆ ಮತ್ತು ಪೆಟ್ರೋಲ್ ಬಂಕ್. ಯಾವ ಸೈಟಿಗೆ ಎಂಬ ಮಾಹಿತಿ ಆ ಜಾಗದಲ್ಲಿ ಆ ಕ್ಷಣಕ್ಕೆ ಮಾತ್ರ ಇರುತ್ತದೆ. ಅದನ್ನು ಹಿಡಿಯುವ ಏರ್ಪಾಡು ಬಾಲ್‌ಪೆನ್ನೇ ಆಗಿರಲಿ, ಅದು ತಂತ್ರಾಂಶಕ್ಕಿಂತ ಮುಂಚೆ ಬರಬೇಕು.

ಎರಡು ಕಡೆ ಬರೆಯುವುದು ದುಪ್ಪಟ್ಟು ಶ್ರಮವಲ್ಲವೇ ಎಂದು ಕೇಳುತ್ತಾರೆ. ಹೌದು, ಒಂದಿಷ್ಟು ಹೆಚ್ಚು ಶ್ರಮವೇ. ಮನೆಯಲ್ಲಿ ಕನ್ನಡದಲ್ಲಿ ಬರೆದದ್ದನ್ನು ಅಕೌಂಟೆಂಟ್ ತಿಂಗಳಿಗೊಮ್ಮೆ ಟ್ಯಾಲಿಗೆ ಏರಿಸುವಾಗ ಇಬ್ಬರ ಕಣ್ಣುಗಳು ಒಂದೇ ಬಿಲ್ಲನ್ನು ನೋಡುತ್ತವೆ, ತಪ್ಪು ಅಲ್ಲೇ ಸಿಗುತ್ತದೆ. ಇಬ್ಬರೇ ಕೆಲಸ ಮಾಡುವ, ಒಂದೆರಡೇ ಸೈಟ್ ಇರುವ ಗುತ್ತಿಗೆದಾರರಿಗೆ ಈ ಜೋಡಿ ಅನಗತ್ಯ. ಅವರಿಗೆ ಶೀಟೊಂದೇ ಸಾಕು. ಇಂಗ್ಲಿಷ್ ತಂತ್ರಾಂಶದಲ್ಲಿ ಕೈ ಪಳಗಿದ ಮಗನೋ ಮಗಳೋ ಇರುವ ಮನೆಗೆ ಆ ಆನ್‌ಲೈನ್ ತಂತ್ರಾಂಶವೇ ಹೆಚ್ಚು ಹೊಂದುತ್ತದೆ ಎಂದು ಧಾರಾಳವಾಗಿ ಹೇಳುತ್ತೇನೆ. ಈ ದಂಪತಿಗೂ ಒಂದು ದಿನ ಅದು ಬೇಕಾಗಬಹುದು. ವಹಿವಾಟು 44ಎಡಿಯ ಮಿತಿಯತ್ತ (ಎರಡು ಕೋಟಿ, ನಗದಾಗಿ ಬಂದದ್ದು ಶೇ. 5ರೊಳಗಿದ್ದರೆ ಮೂರು ಕೋಟಿ) ಸಾಗಿದರೆ, ಇಲ್ಲವೇ ಕಚೇರಿಗೆಂದೇ ಒಬ್ಬರನ್ನು ನೇಮಿಸಿಕೊಂಡರೆ, ಮತ್ತೆ ಒಂದು ವಾರದ ಕಾಗದ ಹಿಡಿದು ಪರೀಕ್ಷೆ ಮಾಡೋಣ ಎಂದು ಮಾತಾಗಿದೆ.

ಬೇರೆ ಖಾತೆ ತೆರೆದದ್ದರ ಫಲ ಆಮೇಲೂ ಕಂಡಿತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಜನರಿಗೆ ಯಾವುದು ವ್ಯಾಪಾರದ ಹಣ, ಯಾವುದು ನೆಂಟರು ಕೊಟ್ಟ ಕೈಗಡ ಎಂದು ಬೇರ್ಪಡಿಸಿ ಹೇಳುವುದೇ ಕಷ್ಟವಾಯಿತು. ಇವರಿಗೆ ನೋಟಿಸ್ ಬಂದಿರಲಿಲ್ಲ. ಬಂದಿದ್ದರೂ ಉತ್ತರ ಸಿದ್ಧವಿತ್ತು.

ಫೋಟೊಗಳ ಬಗ್ಗೆ ಒಂದು ಮಾತು. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಷ್ಟು ಕಾಲ ಯಾವ ಫೋನೂ ಬಾಳುವುದಿಲ್ಲ, ಬಿಲ್ ಯಂತ್ರದ ಕಾಗದವಂತೂ ಮೊದಲೇ ಅಳಿಸಿಹೋಗುತ್ತದೆ. ಇವರ ಮನೆಯಲ್ಲಿ ತಿಂಗಳ ಕೊನೆಯ ಭಾನುವಾರ ವಾಟ್ಸ್‌ಆ್ಯಪ್ ಗುಂಪಿನ ಫೋಟೊಗಳನ್ನು ಸೈಟಿನ ಹೆಸರಿನ ಫೋಲ್ಡರ್‌ಗಳಿಗೆ ಹಾಕಿ, ಒಂದು ಪ್ರತಿಯನ್ನು ಗೂಗಲ್ ಡ್ರೈವ್‌ನಲ್ಲಿ, ಇನ್ನೊಂದನ್ನು ಅಕೌಂಟೆಂಟ್ ಬಳಿಯ ಪೆನ್ ಡ್ರೈವ್‌ನಲ್ಲಿ ಇಡುತ್ತಾರೆ. ಶೀಟಿನ ಪ್ರತಿಯೂ ಅದರ ಜೊತೆಗೇ ಹೋಗುತ್ತದೆ.